ಎಸ್ಸೆಸ್ಸೆಲ್ಸಿ ಪುಸ್ತಕ ಹಿಡಿದು ಶಬರಿಮಲೆಗೆ

ಐವತ್ತು ದಾಟಿದ ಹೆಂಗಸರು ಮಲೆಗೆ ಹೋಗುವುದಾದರೆ ತಲೆಯ ಮೇಲೆ ಹೊರುವ ಇರುಮುಡಿ ಕಟ್ಟಿನ ತಯಾರಿಗಿಂತ ಮೊದಲು ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ಇದೆಯಾ? ಶುರುವಿನಲ್ಲಿ ಮಾಡಿಸಿದ ಎಷ್ಟೋ ಕಾರ್ಡುಗಳಲ್ಲಿ ಬರೇ ವರ್ಷ ಮಾತ್ರ ಬಂದಿದೆ. ನನ್ನದೂ ಹಾಗೇ, 1968 ಅಂತ ಇದೆ, ಅಷ್ಟೇ. ರೇಶನ್ ಅಂಗಡಿಯಲ್ಲಾಗಲಿ, ಗ್ಯಾಸಿನವರಾಗಲಿ ಇದುವರೆಗೆ ಅದನ್ನು ಪ್ರಶ್ನೆ ಮಾಡಿರಲಿಲ್ಲ. ಶಬರಿಮಲೆಯ ದಾರಿಯಲ್ಲಿ ಮಾಡಿದರು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಬೇರೆಯವರ ಗುರುತಿನ ಚೀಟಿ ನೋಡುವವಳು. ನನ್ನವರು ಇದ್ದಷ್ಟು ಕಾಲ ವರ್ಷವೂ ಮಾಲೆ ಹಾಕುತ್ತಿದ್ದರು. ಹದಿನೆಂಟನೇ ಮಲೆಗೆ ತೆಂಗಿನ ಸಸಿ ಒಯ್ಯಬೇಕು ಎಂದು ಹೇಳುತ್ತಿದ್ದರು. ಅಷ್ಟರೊಳಗೆ ಹೋಗಿಬಿಟ್ಟರು. ಅವರ ವ್ರತದ ಅಡುಗೆ ಮಾಡಿದವಳು ನಾನು, ಕಾಯಿಗೆ ತುಂಬುವ ತುಪ್ಪ ಕಾಯಿಸಿದವಳೂ ನಾನೇ. ಐವತ್ತು ಕಳೆದ ಮೇಲೆ ನಾನೂ ಒಮ್ಮೆ ಹೋಗಬೇಕು ಎಂದು ಆಗಲೇ ಹರಕೆ ಹೇಳಿಕೊಂಡಿದ್ದೆ. ಅದು 2018-19ರ ಸೀಸನ್ನಿಗೇ ಬಂದು ಕೂತಿತು.

2018ರ ಸೆಪ್ಟೆಂಬರ್ 28ಕ್ಕೆ ಶಬರಿಮಲೆಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತಲ್ಲ. ಐವರು ನ್ಯಾಯಾಧೀಶರಲ್ಲಿ ನಾಲ್ವರು ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಎಂದರು. ಒಪ್ಪದೆ ಬೇರೆ ತೀರ್ಪು ಬರೆದವರು ಇಂದು ಮಲ್ಹೋತ್ರಾ, ಆ ಪೀಠದಲ್ಲಿದ್ದ ಒಬ್ಬರೇ ಮಹಿಳೆ. ಹತ್ತರಿಂದ ಐವತ್ತರ ನಡುವಿನವರಿಗೆ ಇದ್ದ ತಡೆ ಕಾಗದದಲ್ಲಿ ಹೋಯಿತು. ದಾರಿಯಲ್ಲಿ ಹೋಗಲಿಲ್ಲ. ಅಕ್ಟೋಬರಿನಲ್ಲಿ ತುಲಾ ಮಾಸದ ಪೂಜೆಗೆ ನಡೆ, ಅಂದರೆ ಗುಡಿಯ ಬಾಗಿಲು, ತೆರೆದಾಗ ಬೆಟ್ಟದ ದಾರಿಯ ನಿಲಕ್ಕಲ್‌ನಲ್ಲಿ ಕಲ್ಲು, ಲಾಠಿ ಎಲ್ಲ ಆಯಿತು. ನವೆಂಬರಿನಲ್ಲಿ ಐವತ್ತು ದಾಟಿದ ಒಬ್ಬರನ್ನು ಸನ್ನಿಧಾನದಲ್ಲೇ ಸುತ್ತುವರಿದು ವಯಸ್ಸು ಕೇಳಿದ್ದನ್ನು ಟಿವಿಯಲ್ಲಿ ನೋಡಿದೆ. ಅಲ್ಲಿಗೆ ನನಗೆ ವಿಷಯ ತಿಳಿಯಿತು. ನನ್ನಂಥವರಿಗೆ ತೀರ್ಪಿಗೆ ಮುಂಚೆಯೂ ಬಾಗಿಲು ತೆರೆದೇ ಇತ್ತು. ಆಮೇಲೆ ಎಲ್ಲರ ಕಣ್ಣು ನಮ್ಮ ಮೇಲೇ.

ಗುರುಸ್ವಾಮಿಯವರು ನಮ್ಮ ಊರಿನ ಭಜನಾ ಮಂದಿರದವರು, ನನ್ನವರನ್ನೂ ಮಲೆಗೆ ಕರೆದುಕೊಂಡು ಹೋದವರು. ನಾನು ಬರುತ್ತೇನೆ ಎಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಹೆಂಡತಿಯನ್ನು ಕಳಿಸಿದರು. ಅಕ್ಕ ಹತ್ತಿರ ಕೂತು ಮೆಲ್ಲಗೆ ಕೇಳಿದರು: "ನಿಂತಿದೆ ಅಲ್ವಾ?" ನಿಂತು ಸುಮಾರು ಕಾಲ ಆಯಿತು ಎಂದೆ. ನಮ್ಮ ಕಡೆ ವಯಸ್ಸಿಗಿಂತ ಮುಟ್ಟು ನಿಂತಿದೆಯಾ ಎಂದೇ ನೋಡುವುದು. ಈ ಪ್ರಶ್ನೆ ಬರುತ್ತದೆ, ನಾಚಿಕೊಳ್ಳಬೇಡಿ. ಅಲ್ಲಿಗೇ ಮಾತು ಮುಗಿಸಿಬಿಟ್ಟರೆ ಮುಂದೆ ಆರಾಮ.

ಮಗಳು ಆಗ ಎಂಜಿನಿಯರಿಂಗ್ ಓದುತ್ತಿದ್ದಳು. "ಕೋರ್ಟು ಹೇಳಿದೆಯಲ್ಲ ಅಮ್ಮ, ನಾನೂ ಬರ್ತೇನೆ ಅಂದ್ರೆ ನಿಮ್ಮ ಗುರುಸ್ವಾಮಿ ಏನು ಮಾಡ್ತಾರೆ?" ಎಂದು ಕೆಣಕಿದಳು. ನನ್ನ ತಮ್ಮ ಎದ್ದು ಹೊರಗೆ ಹೋದ. ಒಂದೇ ಚಾವಡಿಯಲ್ಲಿ ಎರಡು ಪಕ್ಷ. ಆಮೇಲೆ ನಾನು ಮನೆಯಲ್ಲಿ ಟಿವಿ ಹಾಕುವುದನ್ನೇ ಕಡಿಮೆ ಮಾಡಿದೆ.

ಮಾಲೆ ಹಾಕಿದ್ದು ವೃಶ್ಚಿಕ ಒಂದಕ್ಕೆ, ನವೆಂಬರ್ 17. ಅಂದೇ ರಾಜ್ಯವಿಡೀ ಹರತಾಳ. ಹಿಂದಿನ ರಾತ್ರಿ ಒಬ್ಬ ನಾಯಕಿಯನ್ನು ದಾರಿಯಲ್ಲಿ ಬಂಧಿಸಿದ್ದಕ್ಕಂತೆ. ಬಸ್ಸಿಲ್ಲ, ರಿಕ್ಷಾ ಇಲ್ಲ. ಮುಂಜಾನೆ ಮಂದಿರಕ್ಕೆ ನಡೆದೇ ಹೋದೆವು. ತುಳಸಿ ಮಾಲೆ ಕೊರಳಿಗೆ ಬಿದ್ದಾಗ ಏನನ್ನಿಸಿತು ಎಂದು ಕೆಲವರು ಕೇಳಿದ್ದಾರೆ. ನಿಜ ಹೇಳಬೇಕೆಂದರೆ ವಾಪಸು ನಡೆಯುವ ದೂರವೇ ತಲೆಯಲ್ಲಿತ್ತು.

ನಲವತ್ತೊಂದು ದಿನದ ವ್ರತ ಕೆಲಸಕ್ಕೆ ಹೋಗುವ ಹೆಂಗಸಿಗೆ ಕಷ್ಟವೇನಲ್ಲ. ಬೆಳಗ್ಗೆ ಸಂಜೆ ತಣ್ಣೀರು ಸ್ನಾನ, ಮೀನು ಮಾಂಸ ಇಲ್ಲ, ನೆಲದ ಮೇಲೆ ಚಾಪೆ, ಬುತ್ತಿ ಮನೆಯಿಂದ. ಕಷ್ಟ ಆದದ್ದು ಮಾತಿನಲ್ಲಿ. ಕಪ್ಪು ಸೀರೆ ನೋಡಿದ ಕೂಡಲೇ ಕೌಂಟರಿನ ಆಚೆ ಇದ್ದವರಿಗೆಲ್ಲ ಅಭಿಪ್ರಾಯ ಬಂತು. ಡಿಸೆಂಬರ್ 26ಕ್ಕೆ ಹೊಸಂಗಡಿಯಿಂದ ಕನ್ಯಾಕುಮಾರಿಯವರೆಗೆ ತೀರ್ಪನ್ನು ಒಪ್ಪದವರು ಅಯ್ಯಪ್ಪ ಜ್ಯೋತಿ ಹಚ್ಚುವ ಕಾರ್ಯಕ್ರಮ ಇತ್ತು. ಮಾಲೆ ಹಾಕಿದವರು ಬರದಿದ್ದರೆ ಹೇಗೆ ಎಂದು ಕರೆದರು. ಜನವರಿ 1ಕ್ಕೆ ಕಾಸರಗೋಡಿನಿಂದ ತಿರುವನಂತಪುರದವರೆಗೆ ಸರಕಾರದ ಕಡೆಯಿಂದ 620 ಕಿಲೋಮೀಟರಿನ ವನಿತಾ ಮದಿಲು. ಹೆಂಗಸರೇ ಗೋಡೆಯಾಗಿ ನಿಲ್ಲುವುದು, ಸಹಕಾರಿ ಕ್ಷೇತ್ರದವರು ಇಲ್ಲದಿದ್ದರೆ ಹೇಗೆ ಎಂದು ಅದಕ್ಕೂ ಕರೆದರು. ಎರಡೂ ನಮ್ಮ ಜಿಲ್ಲೆಯಿಂದಲೇ ಶುರು! ಕೇರಳದ ನಕ್ಷೆಯಲ್ಲಿ ನಾವು ಕೊನೆಯಲ್ಲಿದ್ದೇವೆ ಎಂದು ಯಾವಾಗಲೂ ದೂರುತ್ತೇವೆ. ಆ ಸಲ ಮಾತ್ರ ಎಲ್ಲವೂ ಇಲ್ಲಿಂದಲೇ ಹೊರಟಿತು. ನಾನು ಎರಡಕ್ಕೂ ಹೋಗಲಿಲ್ಲ. ಮರುದಿನ ಕೌಂಟರಿಗೆ ಬರುವವರಲ್ಲಿ ಎರಡೂ ಕಡೆಯವರು ಇರುತ್ತಾರೆ.

ಇನ್ನು ಕಾಗದಪತ್ರ. ದರ್ಶನದ ಸಾಲಿಗೆ ಆಗ ಪೊಲೀಸರ ವರ್ಚುವಲ್ ಕ್ಯೂ ಇತ್ತು, ಆನ್‌ಲೈನಿನಲ್ಲಿ ಹೆಸರು ಹಾಕಬೇಕಿತ್ತು, ದುಡ್ಡಿರಲಿಲ್ಲ. ಫೋಟೋ, ಗುರುತಿನ ಚೀಟಿಯ ನಂಬರು, ದಿನ, ಹೊತ್ತು. ಆ ವರ್ಷ ನಿಲಕ್ಕಲ್‌ನಿಂದ ಬೆಟ್ಟದ ಬುಡದ ಪಂಪೆಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸಿನ ಟಿಕೆಟನ್ನೂ ಅದರ ಜತೆಗೇ ಮಾಡಬಹುದಿತ್ತು. ಕೂಪನ್ ಪ್ರಿಂಟ್ ತೆಗೆದುಕೊಳ್ಳಿ, ಮೊಬೈಲನ್ನು ನಂಬಿ ಹೋಗಬೇಡಿ, ಕಾಡಿನಲ್ಲಿ ಸಿಗ್ನಲ್ ಬಂದರೆ ಬಂತು. ಕನ್ನಡದಲ್ಲಿ ಏನೂ ಇರಲಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅದೇನೂ ಕಷ್ಟವಲ್ಲ, ಆದರೆ ಹಿರಿಯರು ಒಬ್ಬರೇ ಕೂತು ಮಾಡುವುದು ಬೇಡ.

ಆಧಾರ್ ಸಾಲದು ಎಂದು ನನಗೆ ಹೇಳಿದ್ದು ತಮ್ಮ. 1968 ಎಂದರೆ ಜನವರಿ 2019ಕ್ಕೆ ಐವತ್ತೋ ಐವತ್ತೊಂದೋ ಎಂದು ಯಾರಾದರೂ ಲೆಕ್ಕ ತೆಗೆದರೆ? ಮತ್ತೆ ಕಪಾಟಿನ ತಳದಿಂದ ಎಸ್ಸೆಸ್ಸೆಲ್ಸಿ ಪುಸ್ತಕ ಹೊರಗೆ ಬಂತು. 1984ರದ್ದು, ಅಂಚು ಗೆದ್ದಲು ತಿಂದಿತ್ತು. ಹುಟ್ಟಿದ ದಿನ ಅಂಕೆಯಲ್ಲೂ ಇದೆ, ಅಕ್ಷರದಲ್ಲೂ ಇದೆ, ಫೆಬ್ರವರಿ ತಿಂಗಳು, ಅಂದರೆ ಐವತ್ತು ತುಂಬಿ ಹತ್ತು ತಿಂಗಳ ಮೇಲಾಗಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಗಲ ಚೀಲದಲ್ಲಿಟ್ಟೆ. ಇರುಮುಡಿಯೊಳಗೆ ಮಾತ್ರ ಪ್ಲಾಸ್ಟಿಕ್ ಹಾಕಬೇಡಿ. ಹೈಕೋರ್ಟಿನ ನಿಷೇಧ ಇದೆ. ಅಕ್ಕಿ, ಅವಲಕ್ಕಿ, ಬೆಲ್ಲ, ಅರಸಿನ, ಕರ್ಪೂರ ಎಲ್ಲ ಬಟ್ಟೆಯ ಸಣ್ಣ ಚೀಲಗಳಲ್ಲೇ ಕಟ್ಟಿದೆವು. ಕೂದಲಿಗೆ ಬಣ್ಣ ಹಚ್ಚುವುದನ್ನು ಮಾಲೆ ಹಾಕಿದ ದಿನವೇ ಬಿಟ್ಟಿದ್ದೆ. ಹೊರಡುವಾಗ ಬೈತಲೆಯ ಎರಡೂ ಕಡೆ ಚೆನ್ನಾಗಿ ಬೆಳ್ಳಗಾಗಿತ್ತು. ಇಷ್ಟು ವರ್ಷ ಮುಚ್ಚಿಟ್ಟ ನರೆ ಈಗ ಪಾಸ್‌ಪೋರ್ಟಿನ ಹಾಗೆ.

ಮಂದಿರದಲ್ಲಿ ಇರುಮುಡಿ ಕಟ್ಟಿದ್ದು ಜನವರಿ 1ರ ಬೆಳಗ್ಗೆ. ಮುಂದಿನ ಕಟ್ಟು ದೇವರಿಗೆ, ಹಿಂದಿನದು ನಮಗೆ. ತೆಂಗಿನಕಾಯಿಯ ಕಣ್ಣಿಗೆ ತೂತು ಮಾಡಿ, ನೀರು ಸುರಿದು, ತುಪ್ಪ ತುಂಬುವಾಗ ನನ್ನ ಕೈ ನಡುಗಿತು. ಮನೆಯಲ್ಲಿ ಎಷ್ಟೋ ಸಲ ಆ ತುಪ್ಪ ಕಾಯಿಸಿದ್ದೇನೆ, ಕಾಯಿಗೆ ಹೊಯ್ಯುವುದು ಇದೇ ಮೊದಲು. ಗುರುಸ್ವಾಮಿ ಏನೂ ಹೇಳದೆ ಕಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ರೈಲು ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್. ವನಿತಾ ಮದಿಲು ನಾಲ್ಕು ಗಂಟೆಗೆ. ಪೇಟೆಯಲ್ಲಿ ರಸ್ತೆ ಬಂದ್ ಆದರೆ ಕಷ್ಟ ಎಂದು ಮಧ್ಯಾಹ್ನವೇ ಕಾಸರಗೋಡಿಗೆ ಇಳಿದೆವು. ಹೆದ್ದಾರಿಯ ಬದಿಯಲ್ಲಿ ಆಗಲೇ ಹೆಂಗಸರು ಸಾಲು ಕಟ್ಟುತ್ತಿದ್ದರು. ಕಪ್ಪು ಬಟ್ಟೆ, ತಲೆಯ ಮೇಲೆ ಕಟ್ಟು, ನಾವು ಆ ಸಾಲಿನ ಪಕ್ಕದಲ್ಲೇ ನಡೆಯಬೇಕಾಯಿತು. ಯಾರಾದರೂ ಏನಾದರೂ ಅಂದಾರು ಎಂದು ತಮ್ಮ ನನ್ನನ್ನು ಒಳಗಿನ ಬದಿಗೆ ಹಾಕಿಕೊಂಡ. ಸಾಲಿನಲ್ಲಿ ನಮ್ಮ ಬ್ಯಾಂಕಿನ ಹುಡುಗಿ ಒಬ್ಬಳು ನಿಂತಿದ್ದಳು. ನನ್ನನ್ನು ಕಂಡು "ಅಕ್ಕಾ, ಈಗ ಹೊರಟದ್ದಾ? ನೀರು ಇದೆಯಾ?" ಎಂದು ತನ್ನ ಬಾಟಲಿ ಕೊಟ್ಟಳು. "ನೀನು ಎಷ್ಟು ಹೊತ್ತು ನಿಲ್ಲಬೇಕು?" ಎಂದೆ. "ಒಂದರ್ಧ ಗಂಟೆ, ಬಿಸಿಲು ನೋಡಿ" ಎಂದಳು. ಅಷ್ಟೇ ನಡೆದದ್ದು. ಆಚೆ ಬೇಕಲದ ಹತ್ತಿರ ಚೇಟುಕುಂಡಿನಲ್ಲಿ ಕಲ್ಲು ತೂರಾಟವಾಯಿತು ಎಂದು ರೈಲಿನಲ್ಲಿ ಕೂತ ಮೇಲೆ ಕೇಳಿದೆವು.

ಸ್ಲೀಪರ್ ಟಿಕೆಟಿಗೆ ಆಗ ತಲೆಗೆ ಮುನ್ನೂರು ರೂಪಾಯಿ ಆಸುಪಾಸು ಇತ್ತು. ಬೆಳಗ್ಗೆ ಚೆಂಗನ್ನೂರಿನಲ್ಲಿ ಇಳಿದೆವು. ಸ್ಟೇಷನ್ ಹೊರಗೆ ಜೀಪು, ಟೆಂಪೋ ಟ್ರಾವೆಲರ್‌ಗಳ ಸಾಲು. ತಲೆಗೆ ಇನ್ನೂರೈವತ್ತು ಕೇಳಿದರು, ಬೇರೆ ಗುಂಪಿನ ಜತೆ ಸೇರಿ ಹೊರಟೆವು. ಆ ವರ್ಷ ಖಾಸಗಿ ವಾಹನಗಳನ್ನು ಪಂಪೆಗೆ ಬಿಡುತ್ತಿರಲಿಲ್ಲ. 2018ರ ಆಗಸ್ಟಿನ ನೆರೆಯಲ್ಲಿ ಪಂಪೆಯ ಪಾರ್ಕಿಂಗ್, ಶೌಚಾಲಯ, ರಾಮಮೂರ್ತಿ ಮಂಟಪ ಎಲ್ಲ ಹೋಗಿತ್ತು. ಆಗ ಎಲ್ಲರೂ ನಿಲಕ್ಕಲ್‌ನಲ್ಲಿ ಇಳಿಯಬೇಕಿತ್ತು. ಅಲ್ಲಿಂದ ಪಂಪೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಸರಕಾರಿ ಬಸ್ಸು, ಒಂದು ಕಡೆಗೆ ಆಗ 40 ರೂಪಾಯಿ. ಬಸ್ಸಿನಲ್ಲಿ ಕಂಡಕ್ಟರ್ ಇರಲಿಲ್ಲ, ಟಿಕೆಟು ಕೆಳಗಿನ ಕೌಂಟರಿನಲ್ಲಿ. ಅಲ್ಲಿ ಚಿಲ್ಲರೆ ಇರುವುದಿಲ್ಲ, ಕೈಯಲ್ಲಿಟ್ಟುಕೊಳ್ಳಿ.

ನಿಲಕ್ಕಲ್‌ಗೆ ಇನ್ನೂ ಸ್ವಲ್ಪ ದೂರ ಇರುವಾಗ ಟ್ರಾವೆಲರ್ ಡ್ರೈವರಿನ ಫೋನು ಬಡಿಯಲು ಶುರುವಾಯಿತು. ಒಂದಾದ ಮೇಲೊಂದು. ಕೊನೆಗೆ ಗಾಡಿ ಬದಿಗೆ ಹಾಕಿ ಕೇಳಿದ. ತಿರುಗಿ ನಮ್ಮ ಕಡೆ ನೋಡಿ, "ಕಯರಿ" ಎಂದ. ಹತ್ತಿದರಂತೆ. ಐವತ್ತಕ್ಕಿಂತ ಕೆಳಗಿನ ಇಬ್ಬರು ಹೆಂಗಸರು ಬೆಳಗಿನ ಜಾವ ಮೂರೂಮುಕ್ಕಾಲರ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಒಳಗೆ ಹೋಗಿ ದರ್ಶನ ಮಾಡಿ ಬಂದಿದ್ದಾರೆ. ವಿಡಿಯೋ ಎಲ್ಲ ಕಡೆ ಹರಿದಾಡುತ್ತಿದೆ.

ಗಾಡಿಯೊಳಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಬೇರೆ ಗುಂಪಿನ ಒಬ್ಬ ಅಳತೊಡಗಿದ. ಇನ್ನೊಬ್ಬ ಬಾಯಿಗೆ ಬಂದಂತೆ ಬೈಯತೊಡಗಿದ, ಗುರುಸ್ವಾಮಿ "ಮಾಲೆ ಇದೆ, ಸ್ವಾಮಿ" ಎಂದು ತಡೆದರು. ನನ್ನ ತಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಮನೆಯಲ್ಲಿ ಮಗಳು ಈಗ ಏನು ಅಂದುಕೊಳ್ಳುತ್ತಿರಬಹುದು ಎಂದೂ ನನಗೆ ಯೋಚನೆ ಬಂತು. ಅವರಿಬ್ಬರು ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಮಾನ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಆ ಹೊತ್ತಿಗೆ ನಾನು ದಾರಿಯಲ್ಲಿದ್ದ ಒಬ್ಬ ಹೆಂಗಸು, ಅಷ್ಟೇ. ಅಲ್ಲಿಂದ ಮುಂದೆ ನನ್ನನ್ನು ನೋಡುವ ನೋಟ ಬದಲಾಯಿತು.

ನಿಲಕ್ಕಲ್‌ನಲ್ಲಿ ಮಹಿಳಾ ಪೊಲೀಸರು ಕಾರ್ಡ್ ನೋಡಿದರು. ಸೌಜನ್ಯವಾಗಿಯೇ ನೋಡಿದರು, ಒಬ್ಬಾಕೆ ನನ್ನ ಮೊಣಕಾಲು ನೋವಿನ ಬಗ್ಗೆಯೂ ವಿಚಾರಿಸಿದಳು. ಅಷ್ಟರಲ್ಲಿ ಇನ್ನೊಂದು ಸುದ್ದಿ. ಶುದ್ಧಿಗಾಗಿ ನಡೆ ಮುಚ್ಚಿದ್ದಾರೆ. ಹತ್ತೂವರೆಯ ಹೊತ್ತಿಗೆ ಮುಚ್ಚಿದ್ದು, ಯಾವಾಗ ತೆರೆಯುತ್ತಾರೋ ಅಲ್ಲಿದ್ದವರಿಗೆ ಗೊತ್ತಿಲ್ಲ. ತಮ್ಮನ ಮಗ ಕನ್ನಿಸ್ವಾಮಿ, ಮೊದಲ ಸಲ ಬಂದವನು. "ಅತ್ತೆ, ಬಾಗಿಲು ಹಾಕಿದ್ರೆ ನಮ್ಮ ತುಪ್ಪ ಯಾರಿಗೆ ಕೊಡೋದು?" ಎಂದು ಕೇಳಿದ. ದೊಡ್ಡವರೆಲ್ಲ ತಂತ್ರಿ, ಕೋರ್ಟು, ಸರಕಾರ ಎಂದು ಮಾತಾಡುತ್ತಿದ್ದರು. ಅವನದ್ದೇ ಸರಿಯಾದ ಪ್ರಶ್ನೆ. ಸುಮಾರು ಒಂದು ಗಂಟೆ ಕಳೆದು ನಡೆ ತೆರೆಯಿತು ಎಂದು ತಿಳಿದಾಗ ನಾವಿನ್ನೂ ಬಸ್ಸಿನ ಸಾಲಿನಲ್ಲೇ ಇದ್ದೆವು.

ಪಂಪೆಯ ನೀರು ಮೊಣಕಾಲಿನಷ್ಟು, ಮರಳಿನ ಚೀಲಗಳ ದಡ. ಹೆಂಗಸರಿಗೆ ಬಟ್ಟೆ ಬದಲಿಸುವ ಜಾಗ ಆ ವರ್ಷ ತುಂಬಾ ಕಡಿಮೆ ಇತ್ತು. ಒಂದು ದೊಡ್ಡ ಪಂಚೆ ತನ್ನಿ, ಜತೆಗೆ ಬಂದವರೇ ಮರೆ ಹಿಡಿಯಬೇಕಾಗುತ್ತದೆ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡಬೇಡಿ, ಅದು ಆಚಾರವೂ ಅಲ್ಲ, ಕಾನೂನೂ ಬಿಡುವುದಿಲ್ಲ. ಪಂಪಾ ಗಣಪತಿಗೆ ಕಾಯಿ ಒಡೆದು, ಕೂಪನ್ ತೋರಿಸಿ ಸೀಲ್ ಹಾಕಿಸಿಕೊಂಡು ಹತ್ತಲು ಶುರು. ಸನ್ನಿಧಾನಕ್ಕೆ ಸುಮಾರು ಐದು ಕಿಲೋಮೀಟರ್. ನೀಲಿಮಲೆ, ಅಪ್ಪಾಚಿಮೇಡು ಏರು ಜಾಸ್ತಿ. ಉಸಿರು ಸಾಲದವರಿಗೆ ಅಲ್ಲಲ್ಲಿ ಆಮ್ಲಜನಕ ಕೊಡುವ ಕೇಂದ್ರಗಳಿವೆ, ಒಣಶುಂಠಿ ಹಾಕಿದ ಬಿಸಿನೀರು ಪುಕ್ಕಟೆ ಸಿಗುತ್ತದೆ. ಮೊಣಕಾಲು ಸರಿ ಇಲ್ಲದಿದ್ದರೆ ಸ್ವಾಮಿ ಅಯ್ಯಪ್ಪನ್ ರಸ್ತೆ ಹಿಡಿಯಿರಿ, ಟ್ರ್ಯಾಕ್ಟರ್ ಹೋಗುವ ದಾರಿ, ಏರು ಅಷ್ಟಿಲ್ಲ. ಗುರುಸ್ವಾಮಿಗೆ ನೀಲಿಮಲೆಯೇ ಆಗಬೇಕು, ಹಾಗಾಗಿ ನಾವು ಅದರಲ್ಲೇ ಹೋದೆವು.

ಎರಡೂ ದಾರಿ ಸೇರುವುದು ಮರಕ್ಕೂಟ್ಟದಲ್ಲಿ. ಅಲ್ಲಿ ನಮ್ಮನ್ನು ನಿಲ್ಲಿಸಿದವರು ಪೊಲೀಸರಲ್ಲ. ಕಪ್ಪು ಮುಂಡು ಉಟ್ಟ ಹುಡುಗರು, ನನ್ನ ಮಗಳ ವಯಸ್ಸಿನವರು.

"ಅಮ್ಮೇ, ವಯಸ್ಸೆತ್ರ?"

ಐವತ್ತು ಕಳೆಯಿತು ಎಂದೆ. ಕಾರ್ಡ್ ತೋರಿಸಿ ಎಂದರು. ತೋರಿಸಿದೆ. ಒಬ್ಬ ಬೆರಳು ಮಡಚಿ ಲೆಕ್ಕ ಹಾಕಿದ. ಇದರಲ್ಲಿ ತಿಂಗಳಿಲ್ಲ, ಐವತ್ತು ಆದರೆ ಸಾಲದು, ಪೂರ್ತಿ ಕಳೆಯಬೇಕು ಎಂದ. ಬೆಳಗ್ಗೆ ಹೋದವರೂ ಹೀಗೇ ಹೇಳಿರಬಹುದು ಎಂದು ಇನ್ನೊಬ್ಬ. ಸುತ್ತ ಜನ ನಿಂತರು. ಮೊಬೈಲುಗಳು ಮೇಲೆದ್ದವು. ಹೊಟ್ಟೆಯೊಳಗೆ ತಣ್ಣಗಾಯಿತು. ತಮ್ಮ ಮುಂದೆ ಹೋದ, ನಾನು ಅವನ ತೋಳು ಹಿಡಿದೆ. ಗಂಡಸರು ಮಾತಿಗಿಳಿದರೆ ಅದು ಬೇರೆಯೇ ಜಗಳ ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ: ನಿಮ್ಮ ಜತೆಗಿರುವ ಗಂಡಸರಿಗೆ ಮೊದಲೇ ಹೇಳಿಡಿ, ಮಾತಾಡುವುದು ನಾನು ಎಂದು.

ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆದುಕೊಟ್ಟೆ. ಆ ಹುಡುಗ ಹುಟ್ಟಿದ ದಿನ ಓದಿದ, ಶಾಲೆಯ ಹೆಸರು ಓದಿದ. ಹಾಳೆ ತಿರುಗಿಸಿ ಅಂಕಗಳನ್ನೂ ನೋಡಿದ! ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸಾದದ್ದನ್ನು ಅಷ್ಟು ಜನರ ಎದುರು ನೋಡಿದ. ಆಮೇಲೆ ಪುಸ್ತಕ ಮಡಚಿ ಎರಡೂ ಕೈಯಲ್ಲಿ ಕೊಟ್ಟು, ಕಾಲಿಗೆ ಬೀಳಲು ಬಂದ. "ಕ್ಷಮಿಸಿ ಅಮ್ಮ, ಇವತ್ತಿನ ದಿನ ಹಾಗಿದೆ" ಎಂದ. ನಾನು ಏನೂ ಹೇಳಲಿಲ್ಲ. ವ್ರತದಲ್ಲಿ ಸಿಟ್ಟು ಮಾಡಬಾರದು ಎನ್ನುತ್ತಾರೆ. ಬಂದ ಸಿಟ್ಟನ್ನು ಏನು ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ.

ಪಕ್ಕದಲ್ಲೇ ತಮಿಳುನಾಡಿನ ಒಬ್ಬ ಹೆಂಗಸನ್ನು ಕೂರಿಸಿದ್ದರು. ನೋಡಿದರೆ ನನಗಿಂತ ಹಿರಿಯಳು. ಕಾರ್ಡ್ ಇದ್ದ ಚೀಲ ಮಗನ ಹತ್ತಿರ, ಮಗ ಮುಂದೆ ಹೋಗಿದ್ದಾನೆ, ಫೋನು ಹೋಗುತ್ತಿಲ್ಲ. ಅವರನ್ನು ಬಿಡಿ ಎಂದು ಗುರುಸ್ವಾಮಿಯೂ ನಾನೂ ಹೇಳಿ ನೋಡಿದೆವು. ಪೊಲೀಸರು ಬರಲಿ ಎಂದರು. ನಮ್ಮ ಹಿಂದೆ ಸಾಲು ತಳ್ಳುತ್ತಿತ್ತು, ಮುಂದೆ ಹೋಗಲೇಬೇಕಾಯಿತು. ಆಕೆ ಹತ್ತಿದಳೋ, ಇಳಿದಳೋ. ಗುಂಪಿನಲ್ಲಿ ಹೋಗುವಾಗ ಅವರವರ ಕಾರ್ಡ್ ಅವರವರ ಮೈಮೇಲೇ ಇರಲಿ.

ಶರಂಕುತ್ತಿಯಿಂದ ಮುಂದಿನ ಸಾಲು ಬಹಳ ಉದ್ದವಿರಲಿಲ್ಲ. ಬೇರೆ ವರ್ಷಗಳಲ್ಲಿ ಗಂಟೆಗಟ್ಟಲೆ ನಿಲ್ಲುವ ಜಾಗ ಅಂತೆ, ಆ ಸಲ ಹೆದರಿ ಬಾರದವರೇ ಜಾಸ್ತಿ. ಗುಡಿಯ ಮುಂದಿನ ಚಪ್ಪರವಾದ ನಡಪ್ಪಂದಲ್‌ನಲ್ಲಿ ಪೊಲೀಸರು ಕುಳಿತುಕೊಳ್ಳಲು ಬಿಡುವುದಿಲ್ಲ ಎಂದು ನವೆಂಬರಿನಲ್ಲಿ ದೊಡ್ಡ ಗಲಾಟೆ ಆಗಿತ್ತಲ್ಲ, ಒಂದು ರಾತ್ರಿ ಹತ್ತಾರು ಜನರನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗಿದ್ದರು. ಆಮೇಲೆ ಹೈಕೋರ್ಟು ಮೂವರ ಸಮಿತಿ ಮಾಡಿತು. ನಾವು ಹೋದಾಗ ನಿರ್ಬಂಧ ಸಡಿಲವಾಗಿತ್ತು. 144 ಇತ್ತು, ಆದರೆ ಶರಣು ಕೂಗಿದರೆ ಯಾರೂ ತಡೆಯಲಿಲ್ಲ.

ಹದಿನೆಂಟು ಮೆಟ್ಟಿಲಿನ ಬಗ್ಗೆ ಬರೆಯಲು ಬರುವುದಿಲ್ಲ. ಇಕ್ಕೆಲದಲ್ಲಿ ಪೊಲೀಸರು, "ವೇಗಂ ವೇಗಂ" ಎಂದು ಮೊಣಕೈ ಹಿಡಿದು ಎತ್ತುತ್ತಾರೆ. ಪಂಚಲೋಹದ ಮೆಟ್ಟಿಲು ಕಾಲಿಗೆ ನುಣುಪು. ಎಣಿಸಬೇಕು ಎಂದುಕೊಂಡಿದ್ದೆ, ಅರ್ಧದಲ್ಲಿ ಲೆಕ್ಕ ತಪ್ಪಿತು. ಮೇಲೆ ಹೋದ ಮೇಲೆ ದೇವರು ಕಂಡದ್ದು ಕೆಲವೇ ಕ್ಷಣ. ನನ್ನವರ ಹೆಸರು ಹೇಳಿಕೊಳ್ಳುವಷ್ಟು ಸಮಯ ಸಿಕ್ಕಿತು. ಅಷ್ಟು ಸಾಕಿತ್ತು.

ತುಪ್ಪದ ಅಭಿಷೇಕ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಸಂಜೆ ಮುಟ್ಟಿದವರು ರಾತ್ರಿ ಉಳಿಯಬೇಕು. ಅಥವಾ ಅಭಿಷೇಕ ಮಾಡಿಟ್ಟ ತುಪ್ಪವನ್ನು ಕೌಂಟರಿನಿಂದ ಪಡೆದು ಇಳಿಯಬಹುದು, ಅದಕ್ಕೆ ಆಡಿಯ ಶಿಷ್ಟಂ ನೆಯ್ಯ್ ಎನ್ನುತ್ತಾರೆ. ಕನ್ನಿಸ್ವಾಮಿ ತನ್ನ ಕಾಯಿಯ ತುಪ್ಪವೇ ಆಗಬೇಕು ಎಂದ, ಹಾಗಾಗಿ ಉಳಿದೆವು. ಬಾಡಿಗೆ ಚಾಪೆ ಹಾಕಿ ಮಲಗುವ ಜಾಗಕ್ಕೆ ವಿರಿ ಎನ್ನುತ್ತಾರೆ. ಚಳಿ ಇದೆ, ಹೊದಿಕೆ ತನ್ನಿ. ಅನ್ನದಾನದಲ್ಲಿ ಊಟ ಬಿಸಿ ಬಿಸಿ ಸಿಕ್ಕಿತು. ಪ್ರಸಾದದ ಅರವಣ ಡಬ್ಬಕ್ಕೆ ಆಗ 80 ರೂಪಾಯಿ, ಅಪ್ಪಂ ಪೊಟ್ಟಣಕ್ಕೆ 35 ಇತ್ತು.

ಮಲಗುವ ಹೊತ್ತಿಗೆ ಗೊತ್ತಾಯಿತು, ಮರುದಿನ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹರತಾಳ. ಪಂದಳದಲ್ಲಿ ಕಲ್ಲೇಟಿಗೆ ಒಬ್ಬರು ಸತ್ತಿದ್ದಾರೆ ಎಂಬ ಸುದ್ದಿಯೂ ಬಂತು. ರಾತ್ರೋರಾತ್ರಿ ಇಳಿದುಬಿಡೋಣ ಎಂದು ಕೆಲವರು ಹೊರಟರು. ಗುರುಸ್ವಾಮಿ ಬೇಡ ಎಂದರು: "ಕೆಳಗೆ ಹೋಗಿ ಕತ್ತಲಲ್ಲಿ ರಸ್ತೆಯಲ್ಲಿ ನಿಲ್ಲುವುದಕ್ಕಿಂತ ಇಲ್ಲೇ ವಾಸಿ." ನನಗೂ ಅದೇ ಸರಿ ಕಂಡಿತು.

ಬೆಳಗಿನ ಜಾವ ಅಭಿಷೇಕ ಮುಗಿಸಿ, ಮಾಳಿಗಪ್ಪುರತ್ತಮ್ಮನ ನಡೆಗೆ ಹೋಗಿ, ಇಳಿದೆವು. ಪಂಪೆಯಿಂದ ನಿಲಕ್ಕಲ್‌ಗೆ ಬಸ್ಸು ಓಡುತ್ತಿತ್ತು. ಅಲ್ಲಿಂದಾಚೆ ಒಂದು ಗಾಡಿಯೂ ಹೊರಡಲು ತಯಾರಿಲ್ಲ. ಹರತಾಳ ಕರೆಯುವವರು ಶಬರಿಮಲೆ ಯಾತ್ರಿಕರಿಗೆ ಅಡ್ಡಿಯಿಲ್ಲ ಎನ್ನುತ್ತಾರೆ. ಕಲ್ಲು ಹೊಡೆಯುವವನು ಅದನ್ನು ಕೇಳಿರಬೇಕಲ್ಲ ಎಂದ ಒಬ್ಬ ಡ್ರೈವರ್. ಅವನ ಗಾಡಿಯ ಸಾಲ ಇನ್ನೂ ತೀರಿಲ್ಲವಂತೆ, ಅವನನ್ನು ಏನು ಹೇಳುವುದು? ಆಂಧ್ರ, ತಮಿಳುನಾಡಿನ ಕೆಲವು ಬಸ್ಸುಗಳು ಪೊಲೀಸ್ ಜೀಪಿನ ಹಿಂದೆ ಒಟ್ಟಾಗಿ ಹೋದವು. ನಾವು ಶೀಟಿನ ಮಾಡಿನಡಿ ಕೂತೆವು. ಹೊತ್ತು ಹೋಗುವುದೇ ಇಲ್ಲ. ಇರುಮುಡಿಯ ಹಿಂದಿನ ಕಟ್ಟಿನಲ್ಲಿದ್ದ ಅವಲಕ್ಕಿ ಬೆಲ್ಲ ಮಧ್ಯಾಹ್ನದ ಊಟ. ಹುಡುಗ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಗುರುಸ್ವಾಮಿ ಇಷ್ಟು ವರ್ಷಗಳಲ್ಲಿ ಇಂಥ ಮಲೆ ನೋಡಿಲ್ಲ ಎಂದು ಒಮ್ಮೆ ಹೇಳಿದರು. ಮತ್ತೆ ಹೇಳಲಿಲ್ಲ.

ಆರು ಹೊಡೆದ ಕೂಡಲೇ ಸ್ಟಾರ್ಟ್ ಆದ ಗಾಡಿಗಳ ಶಬ್ದ ಕೇಳಬೇಕಿತ್ತು. ದರ ದುಪ್ಪಟ್ಟು. ಚರ್ಚೆ ಮಾಡಲಿಲ್ಲ, ಹತ್ತಿದೆವು. ನಮ್ಮ ವಾಪಸು ರೈಲು ಅಂದೇ ರಾತ್ರಿ ಚೆಂಗನ್ನೂರಿನಿಂದ. ಕಾಡು ದಾಟುವವರೆಗೆ ಡ್ರೈವರ್ ಮಾತಾಡಲಿಲ್ಲ. ರಸ್ತೆಯಲ್ಲಿ ಸುಟ್ಟ ಟಯರಿನ ಗುರುತು, ಅಡ್ಡ ಹಾಕಿದ ಕಲ್ಲುಗಳು, ಮುಚ್ಚಿದ ಅಂಗಡಿಗಳು. ಸ್ಟೇಷನ್ನಿಗೆ ಓಡಿ ಬಂದಾಗ ರೈಲು ತಡ ಎಂದು ಹೇಳುತ್ತಿದ್ದರು. ರೈಲು ತಡವಾದದ್ದಕ್ಕೆ ಜೀವನದಲ್ಲಿ ಮೊದಲ ಸಲ ಕೈಮುಗಿದೆ.

ಖರ್ಚು ತಲೆಗೆ ಮೂರು ಸಾವಿರದ ಒಳಗೆ ಮುಗಿಯಿತು, ದುಪ್ಪಟ್ಟು ಗಾಡಿ ಬಾಡಿಗೆಯೂ ಸೇರಿ. ಮಾಲೆ ತೆಗೆದದ್ದು ಮನೆಯಲ್ಲಿ, ಅಮ್ಮನ ಕೈಯಿಂದ. ಮಗಳು ಅರವಣದ ಡಬ್ಬ ಬಿಚ್ಚಿ ಚಮಚ ಹಾಕಿದಳು, ತಮ್ಮನಿಗೂ ಒಂದು ಕೊಟ್ಟಳು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಈಗ ಹೊರಡುವವರಿಗೆ ಇನ್ನೊಂದೆರಡು ಮಾತು. ಕೊಲ್ಲಂ ಕಡೆಯ, ಐವತ್ತರ ಕೆಳಗಿನ ಒಬ್ಬಾಕೆ ಕೂದಲಿಗೆ ನರೆಯ ಬಣ್ಣ ಹಚ್ಚಿಕೊಂಡು 2019ರ ಜನವರಿ 8ಕ್ಕೆ ಹೋಗಿ ಬಂದೆ ಎಂದು ಹೇಳಿದ್ದರು. ಹಾಗಾಗಿ ಬಿಳಿ ಕೂದಲನ್ನು ಇನ್ನು ಯಾರೂ ನಂಬುವುದಿಲ್ಲ, ಎಪ್ಪತ್ತರ ಅಜ್ಜಿಯಾದರೂ ಚೀಟಿ ಬೇಕು. ಆಧಾರಿನಲ್ಲಿ ಪೂರ್ತಿ ತಾರೀಕು ಇಲ್ಲದವರು ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ ಸರಿ ಮಾಡಿಸಿಕೊಳ್ಳಿ, ಆದರೆ ಹೊಸ ಕಾರ್ಡ್ ಬರಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಶಾಲೆಯ ಪುಸ್ತಕವೋ ಪಾಸ್‌ಪೋರ್ಟೋ ಇರಲಿ. ಮಕರವಿಳಕ್ಕು, ಅಂದರೆ ಸಂಕ್ರಾಂತಿಯ ಜ್ಯೋತಿ, 2019ರಲ್ಲಿ ಜನವರಿ 14ಕ್ಕೆ ಇತ್ತು, ಆ ದಿನದ ನೂಕುನುಗ್ಗಲಿಗೆ ಮೊದಲ ಸಲದ ಹೆಂಗಸರು ಹೋಗುವುದು ಬೇಡ. ಆ ವರ್ಷ ಅದು ಕಳೆದ ಮೇಲೆ 19ರವರೆಗೆ ದರ್ಶನ ಇತ್ತು, 20ಕ್ಕೆ ನಡೆ ಮುಚ್ಚಿತು. ತೀರ್ಪಿನ ಮರುಪರಿಶೀಲನೆ ಅರ್ಜಿಗಳನ್ನು ಆ ತಿಂಗಳ 22ಕ್ಕೆ ಕೇಳುತ್ತೇವೆ ಎಂದು ಸುಪ್ರೀಂ ಕೋರ್ಟು ಆಗ ಹೇಳಿತ್ತು. ದಾರಿಯಲ್ಲಿ ಯಾವಾಗ ಏನು ಬೇಕಾದರೂ ಆಗಬಹುದು. ವಾಪಸು ರೈಲಿಗೆ ಒಂದು ದಿನ ಬಿಟ್ಟು ಟಿಕೆಟ್ ಮಾಡಿ, ಅವಲಕ್ಕಿ ಸ್ವಲ್ಪ ಜಾಸ್ತಿಯೇ ಕಟ್ಟಿಕೊಳ್ಳಿ.